ಮೆದುಳು ಜ್ವರದ ಸುಳಿವು ಕೊಡುವ ಹಂದಿ, ಕೋಳಿಗಳು

ರೋಗಿಗಳನ್ನಷ್ಟೇ ಎಣಿಸುತ್ತಾ ಕೂತರೆ ಮೆದುಳು ಜ್ವರದ ವೈರಸ್ ಎಲ್ಲೆಲ್ಲಿ ಓಡಾಡುತ್ತಿದೆ ಅಂತ ತಿಳಿಯುವುದಿಲ್ಲ. ಸೊಳ್ಳೆ ಕಚ್ಚಿ ಹರಡುವ, ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ತಗುಲಿದ ನೂರು ಜನರಲ್ಲಿ ಒಬ್ಬರಿಗೂ ಕಾಯಿಲೆ ಮೆದುಳಿಗೆ ಏರುವುದಿಲ್ಲ. ಏರಿದರೆ ಮಾತ್ರ ಜೀವಕ್ಕೇ ಕುತ್ತು. ಹಾಗಾಗಿ ಮನುಷ್ಯರಿಗಿಂತ ಮೊದಲು ಸೊಳ್ಳೆ ಯಾರನ್ನು ಕಚ್ಚುತ್ತದೆ ಅಂತ ನೋಡುವುದೇ ಜಾಣತನ.

1950ರ ದಶಕದಲ್ಲಿ ಜಪಾನಿನಲ್ಲಿ ನಡೆದ ಸಂಶೋಧನೆ ದಾರಿ ತೋರಿಸಿತು. ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ, ಬೆಳ್ಳಕ್ಕಿಯಂಥ ನೀರುಹಕ್ಕಿ, ಹಂದಿ: ವೈರಸ್ ಸುತ್ತುವುದು ಈ ಮೂರರ ನಡುವೆ. 1965ರಿಂದ ಅಲ್ಲಿ ಕಸಾಯಿಖಾನೆಗೆ ಬರುವ ಹಂದಿಗಳ ರಕ್ತ ಪರೀಕ್ಷಿಸುತ್ತಾ ಬಂದಿದ್ದಾರೆ. ಆರೆಂಟು ತಿಂಗಳ ಹಂದಿ ಹಿಂದಿನ ವರ್ಷದ ಸೊಳ್ಳೆಗಾಲ ಕಂಡಿರುವುದಿಲ್ಲ. ಅದರ ರಕ್ತದಲ್ಲಿ ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ರಕ್ಷಕ ವಸ್ತು) ಸಿಕ್ಕರೆ ವೈರಸ್ ಈ ವರ್ಷವೇ ಬಂದಿದೆ ಅಂತಾಯಿತು. ಎಷ್ಟು ಸರಳ ಲೆಕ್ಕ, ಅಲ್ವಾ?

ಆಸ್ಟ್ರೇಲಿಯಾದ ಕಥೆ ಬೇರೆ. 1974ರಲ್ಲಿ ಮರ್ರೆ ವ್ಯಾಲಿ ಎನ್ಸೆಫಲೈಟಿಸ್ ಅನ್ನುವ, ಸೊಳ್ಳೆಯಿಂದಲೇ ಹರಡುವ ಇನ್ನೊಂದು ಮೆದುಳು ಜ್ವರ 58 ಮಂದಿಗೆ ಬಂತು. ಆಮೇಲೆ ಅಲ್ಲಿ ಕಾವಲು ಕೋಳಿಗಳನ್ನು ಇಡಲು ಶುರುಮಾಡಿದರು. ಸೊಳ್ಳೆ ಜಾಸ್ತಿ ಇರುವ ಕಡೆ ಗೂಡು ಕಟ್ಟಿ, ರೆಕ್ಕೆಯ ಅಡಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಆಗಾಗ ಚೂರು ರಕ್ತ ತೆಗೆಯುತ್ತಾರೆ. ಹಿಂದಿನ ಸಲ ಇಲ್ಲದ ಪ್ರತಿಕಾಯ ಈ ಸಲ ಕಂಡರೆ ಸುತ್ತಲಿನ ಜನರಿಗೆ ಎಚ್ಚರಿಕೆ ಹೋಗುತ್ತದೆ. ಕೋಳಿಯ ದೊಡ್ಡ ಗುಣ ಅಂದರೆ ಅದಕ್ಕೆ ಕಾಯಿಲೆ ಕಾಣುವುದೂ ಅಪರೂಪ, ಅದರಿಂದ ಸೊಳ್ಳೆಗೆ ವೈರಸ್ ಮತ್ತೆ ಅಂಟುವುದೂ ಅಪರೂಪ.

ಹಂದಿ ಹಾಗಲ್ಲ. ಜಪಾನೀಸ್ ಎನ್ಸೆಫಲೈಟಿಸ್ ತಗುಲಿದ ಹಂದಿಯ ರಕ್ತದಲ್ಲಿ ಕೆಲವು ದಿನ ವೈರಸ್ ತುಂಬಿಕೊಂಡಿರುತ್ತದೆ, ಕಚ್ಚಿದ ಸೊಳ್ಳೆಗಳೆಲ್ಲ ಅದನ್ನು ಹೊತ್ತೊಯ್ಯುತ್ತವೆ. 1995ರಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯಾಚೆಯ ಟಾರೆಸ್ ಜಲಸಂಧಿಯ ಬಾದು ದ್ವೀಪದಲ್ಲಿ ಮೂವರಿಗೆ ಈ ಕಾಯಿಲೆ ಬಂದು ಇಬ್ಬರು ಸತ್ತರು. ಅಲ್ಲಿ ಹಂದಿಗಳಿದ್ದುದು ಮನೆಗಳ ಹಿತ್ತಿಲಲ್ಲೇ. ಆಮೇಲೆ ಆ ದ್ವೀಪಗಳಲ್ಲಿ ಕಾವಲು ಹಂದಿಗಳನ್ನು ಇಟ್ಟರು. ಅವು ಕೆಲಸಕ್ಕೂ ಬಂದವು. ಆದರೆ ಸುಳಿವು ಕೊಡುವ ಪ್ರಾಣಿಯೇ ವೈರಸ್ ಬೆಳೆಸುವುದಾದರೆ ಅದನ್ನು ಊರಿನಿಂದ ದೂರವೇ ಕಟ್ಟಬೇಕು. ಈ ವಿಷಯದಲ್ಲಿ ಸಡಿಲ ಬಿಡುವುದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈಚೆಗೆ ಜೇನು ಸವರಿದ ಕಾಗದವನ್ನು ಬಲೆಯಲ್ಲಿಟ್ಟು, ಅದನ್ನು ಹೀರಲು ಬಂದ ಸೊಳ್ಳೆ ಬಿಟ್ಟ ಜೊಲ್ಲಿನಲ್ಲೇ ವೈರಸ್ ಹುಡುಕುವ ವಿಧಾನವೂ ಬಂದಿದೆ.

2022ರ ಆರಂಭದಲ್ಲಿ ಆಸ್ಟ್ರೇಲಿಯಾದ ಆಗ್ನೇಯ ಭಾಗದ ಹಂದಿ ಸಾಕಣೆ ಕೇಂದ್ರಗಳಲ್ಲಿ ಮರಿಗಳು ಸತ್ತೇ ಹುಟ್ಟತೊಡಗಿದವು. ಪಶುವೈದ್ಯರು ಮಾದರಿ ಕಳಿಸಿದರು, ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಸಿಕ್ಕಿತು. ಮಾರ್ಚ್ 4ಕ್ಕೆ ಸರ್ಕಾರ ಅದನ್ನು ರಾಷ್ಟ್ರಮಟ್ಟದ ರೋಗ ಪ್ರಕರಣ ಎಂದು ಘೋಷಿಸಿತು. ಅವು ಕಾವಲಿಗೆಂದು ಕಟ್ಟಿದ ಹಂದಿಗಳಲ್ಲ, ಸಾಕಿದವರು ಸುಮ್ನೆ ಕೂರದೆ ಪರೀಕ್ಷೆ ಮಾಡಿಸಿದ್ದರಿಂದ ಸುಳಿವು ಸಿಕ್ಕಿತು.