ರೋಗಿ ಸಾಗಣೆಯ ಜೀವರಕ್ಷಕ ಉಪಕರಣಗಳು: ನಿಮಿಷಗಳ ಲೆಕ್ಕ

ಎಮರ್ಜೆನ್ಸಿ ಕೇರ್ ಓದುತ್ತಿರುವ ನಮಗೆಲ್ಲ ಉಪಕರಣಗಳ ಪಟ್ಟಿ ಬಾಯಿಪಾಠವಾಗಿರುತ್ತದೆ: ಆಕ್ಸಿಜನ್ ಸಿಲಿಂಡರ್, ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್, ಮಾನಿಟರ್, ಡಿಫಿಬ್ರಿಲೇಟರ್ (ಶಾಕ್ ಕೊಟ್ಟು ಹೃದಯದ ಲಯ ಸರಿಪಡಿಸುವ ಯಂತ್ರ), ಸಿರಿಂಜ್ ಪಂಪ್ (ಔಷಧಿಯನ್ನು ಅಳತೆಯ ವೇಗದಲ್ಲಿ ಒತ್ತುವ ಯಂತ್ರ), ಸಕ್ಷನ್ (ಗಂಟಲಿನ ಕಫ ಹೀರುವ ಯಂತ್ರ). ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇಷ್ಟು ಹೇಳಿದರೆ ಅಂಕ ಬರುತ್ತದೆ. ರೋಗಿಯನ್ನು ನಿಜವಾಗಿ ಶಿಫ್ಟ್ ಮಾಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಇವುಗಳಲ್ಲಿ ಯಾವುದು ಎಷ್ಟು ನಿಮಿಷ ಬರುತ್ತದೆ? ಐಸಿಯುನಲ್ಲಿ ಆಕ್ಸಿಜನ್ ಗೋಡೆಯಿಂದ ಬರುತ್ತದೆ, ಕರೆಂಟೂ ಗೋಡೆಯಿಂದ ಬರುತ್ತದೆ, ಔಷಧಿ ಮುಗಿದರೆ ಯಾರೋ ತಂದುಕೊಡುತ್ತಾರೆ. ಸ್ಟ್ರೆಚರ್ ಬಾಗಿಲು ದಾಟಿದ ಮೇಲೆ ಇವೆಲ್ಲ ಮುಗಿದುಹೋಗುವ ವಸ್ತುಗಳು. ಹಾಗಾಗಿ ಈ ಟಿಪ್ಪಣಿಯಲ್ಲಿ ಎಲ್ಲವನ್ನೂ ನಿಮಿಷಕ್ಕೆ ಇಳಿಸಿ ನೋಡುತ್ತೇನೆ.

ಲೆಕ್ಕಕ್ಕೆ ಒಂದು ದಾರಿ ಬೇಕು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು, ಸುಮಾರು 140 ಕಿ.ಮೀ. ಮಳೆ, ತಿರುವು, ಟ್ರಾಫಿಕ್ ಎಲ್ಲ ಸೇರಿಸಿ ಮೂರೂವರೆ ಗಂಟೆ ಎಂದಿಟ್ಟುಕೊಳ್ಳೋಣ, ಅಂದರೆ 210 ನಿಮಿಷ. ರೋಗಿಯೂ ಲೆಕ್ಕಕ್ಕಾಗಿ ಕಲ್ಪಿಸಿಕೊಂಡವರೇ: 60 ಕೆ.ಜಿ. ತೂಕ, ತೀವ್ರ ನ್ಯುಮೋನಿಯಾ, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್ (ಉಸಿರಾಟದ ಯಂತ್ರ) ಮೇಲಿದ್ದಾರೆ, ಬಿಪಿ ಹಿಡಿದಿಡಲು ನಾರ್‌ಅಡ್ರಿನಲಿನ್ ಹೋಗುತ್ತಿದೆ.

ಆಕ್ಸಿಜನ್

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಸಿಲಿಂಡರ್. ಕೈಯಲ್ಲಿ ಎತ್ತಬಹುದಾದ ಬಿ ಟೈಪ್, ಒಳಗಿನ ಗಾತ್ರ ಸುಮಾರು 10 ಲೀಟರ್. ಆಂಬುಲೆನ್ಸ್ ಒಳಗೆ ಕಟ್ಟಿ ನಿಲ್ಲಿಸುವ ದೊಡ್ಡ ಡಿ ಟೈಪ್, ಸುಮಾರು 46.7 ಲೀಟರ್. ಎರಡರ ಮೈಯೂ ಕಪ್ಪು, ಹೆಗಲು ಬಿಳಿ. ತುಂಬಿದಾಗ ಒತ್ತಡ ಸುಮಾರು 150 ಬಾರ್. ಒಳಗಿನ ಗಾತ್ರವನ್ನು ಒತ್ತಡದಿಂದ ಗುಣಿಸಿದರೆ ಎಷ್ಟು ಲೀಟರ್ ಗ್ಯಾಸ್ ಇದೆ ಎಂದು ಸಿಗುತ್ತದೆ:

ಬಿ ಟೈಪ್: 10 × 150 = 1,500 ಲೀಟರ್
ಡಿ ಟೈಪ್: 46.7 × 150 = ಸುಮಾರು 7,000 ಲೀಟರ್

ಆಕ್ಸಿಜನ್ ಸಿಲಿಂಡರ್ ಒಳಗೆ ದ್ರವವಲ್ಲ, ಗ್ಯಾಸ್ ಆಗಿಯೇ ಇರುತ್ತದೆ. ಆದ್ದರಿಂದ ಗೇಜ್ ಅರ್ಧಕ್ಕೆ ಬಂದಿದ್ದರೆ ಒಳಗಿರುವುದೂ ಅರ್ಧವೇ. ನೈಟ್ರಸ್ ಆಕ್ಸೈಡ್‌ಗೆ ಈ ಮಾತು ಹೊಂದುವುದಿಲ್ಲ, ಅದು ಒಳಗೆ ದ್ರವವಾಗಿರುತ್ತದೆ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳುವುದುಂಟು. ಕೊನೆಯ 20 ಬಾರ್ ಅನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಆಪತ್ತಿಗೆ ಮೀಸಲು. ಹಾಗಾದರೆ ಬಿ ಟೈಪ್‌ನಲ್ಲಿ ನಮಗೆ ಸಿಗುವುದು 1,300 ಲೀಟರ್.

ಈಗ ಖರ್ಚು. ವೆಂಟಿಲೇಟರ್ ಪ್ರತಿ ಉಸಿರಿಗೆ 400 ಮಿ.ಲೀ.ನಂತೆ ನಿಮಿಷಕ್ಕೆ 20 ಉಸಿರು ಕೊಡುತ್ತಿದ್ದರೆ 8 ಲೀಟರ್. ಟರ್ಬೈನ್ ಇರುವ ಯಂತ್ರಗಳು ಸರ್ಕ್ಯೂಟ್‌ನಲ್ಲಿ ಸದಾ ಸ್ವಲ್ಪ ಗಾಳಿ ಹರಿಸುತ್ತಿರುತ್ತವೆ, ಇದನ್ನು ಬಯಾಸ್ ಫ್ಲೋ ಎನ್ನುತ್ತಾರೆ. ಅದು ಯಂತ್ರದಿಂದ ಯಂತ್ರಕ್ಕೆ ಬೇರೆ, ಇಲ್ಲಿ 3 ಲೀಟರ್ ಹಿಡಿಯೋಣ. ಒಟ್ಟು 11 ಲೀಟರ್. ಆದರೆ ಇದೆಲ್ಲವೂ ಸಿಲಿಂಡರಿನಿಂದ ಬರುವುದಿಲ್ಲ. ಎಫ್‌ಐಒ2 (ಒಳಗೆ ಎಳೆಯುವ ಉಸಿರಿನಲ್ಲಿ ಆಕ್ಸಿಜನ್ನಿನ ಪಾಲು) 0.6 ಇದ್ದರೆ ಒಂದು ಭಾಗ ಹೊರಗಿನ ಗಾಳಿ, ಅದರಲ್ಲೇ ಶೇ. 21 ಆಕ್ಸಿಜನ್ ಇದೆ. ಸಿಲಿಂಡರಿನ ಪಾಲು ಹೀಗೆ ಸಿಗುತ್ತದೆ:

(0.6 − 0.21) ÷ 0.79 = 0.494
11 × 0.494 = ನಿಮಿಷಕ್ಕೆ ಸುಮಾರು 5.4 ಲೀಟರ್

ಇದರಂತೆ 210 ನಿಮಿಷಕ್ಕೆ ಸುಮಾರು 1,140 ಲೀಟರ್. ಒಂದು ಬಿ ಟೈಪ್ ಸಿಲಿಂಡರ್ 240 ನಿಮಿಷ ಬರುತ್ತದೆ, ಮಂಗಳೂರು ಮುಟ್ಟಿ ಅರ್ಧ ಗಂಟೆ ಮಿಗುತ್ತದೆ. ಕಾಗದದ ಮೇಲೆ ಸರಿಯಾಗಿಯೇ ಇದೆ. ಈಗ ಸುಳ್ಯ ತಲುಪುವ ಮೊದಲೇ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿದು ಎಫ್‌ಐಒ2 1.0 ಮಾಡಬೇಕಾಯಿತು ಎಂದುಕೊಳ್ಳಿ. ನಿಮಿಷಕ್ಕೆ ಪೂರ್ತಿ 11 ಲೀಟರ್ ಹೋಗುತ್ತದೆ. ಹೊರಟಾಗಿನಿಂದಲೇ ಹಾಗಿದ್ದರೆ 1,300 ಲೀಟರ್ ಎರಡು ಗಂಟೆಯೂ ಬರುವುದಿಲ್ಲ, ಪುತ್ತೂರಿನ ಆಸುಪಾಸಿನಲ್ಲಿ ಸಿಲಿಂಡರ್ ಖಾಲಿ. ಅದಕ್ಕೇ ರೋಗಿ ಈಗ ಎಷ್ಟರಲ್ಲಿದ್ದಾರೆ ಎಂಬುದನ್ನು ಬಿಟ್ಟು ಎಫ್‌ಐಒ2 1.0 ಎಂದೇ ಲೆಕ್ಕ ಹಾಕಬೇಕು, ಬಂದ ಉತ್ತರದ ಎರಡು ಪಟ್ಟು ಒಯ್ಯಬೇಕು. ನಮ್ಮ ದಾರಿಗೆ ಅದು 4,620 ಲೀಟರ್. ತುಂಬಿದ ಒಂದು ಡಿ ಟೈಪ್, ಜೊತೆಗೆ ಒಂದು ಬಿ ಟೈಪ್ ಇದ್ದರೆ ನೆಮ್ಮದಿ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಟ್ಯೂಬ್ ಇಲ್ಲದೆ ಹೈ ಫ್ಲೋ ನೇಸಲ್ ಕ್ಯಾನುಲಾ (ಮೂಗಿನ ನಳಿಕೆಯಿಂದ ರಭಸವಾಗಿ ಆಕ್ಸಿಜನ್ ಕೊಡುವ ಸಾಧನ) ಮೇಲಿರುವ ರೋಗಿ ನೋಡಲು ಕಡಿಮೆ ಗಂಭೀರ. ಮಾತಾಡುತ್ತಾರೆ, ಕೈಬೀಸುತ್ತಾರೆ. ಆದರೆ ನಿಮಿಷಕ್ಕೆ 50 ಲೀಟರ್ ಹರಿವು, ಎಫ್‌ಐಒ2 0.6 ಎಂದರೆ ಸಿಲಿಂಡರಿನಿಂದ ನಿಮಿಷಕ್ಕೆ ಸುಮಾರು 25 ಲೀಟರ್ ಹೋಗುತ್ತದೆ. ಅದೇ ದಾರಿಗೆ ಹತ್ತಿರ ಹತ್ತಿರ 5,200 ಲೀಟರ್! ವೆಂಟಿಲೇಟರ್ ಮೇಲಿರುವವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚು. ರಿಸರ್ವಾಯರ್ ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಕೊಟ್ಟರೂ 3,150 ಲೀಟರ್. ರೋಗಿ ಎಷ್ಟು ಗಂಭೀರ ಎನ್ನುವುದಕ್ಕೂ ಆಕ್ಸಿಜನ್ ಎಷ್ಟು ಬೇಕು ಎನ್ನುವುದಕ್ಕೂ ನೇರ ಸಂಬಂಧವಿಲ್ಲ. ಪ್ರತಿ ಸಲ ಪೆನ್ನು ಹಿಡಿದೇ ಲೆಕ್ಕ ಹಾಕಬೇಕು.

ಸಣ್ಣ ಮಾತೊಂದು, ಪುಸ್ತಕದಲ್ಲಿ ಸಿಗುವುದಿಲ್ಲ: ಸಿಲಿಂಡರ್ ಕೀಯನ್ನು ದಾರದಿಂದ ಸಿಲಿಂಡರಿಗೇ ಕಟ್ಟಿಡಿ. ಕೀ ಇಲ್ಲದಿದ್ದರೆ ತುಂಬಿದ ಸಿಲಿಂಡರಿಗೂ ಖಾಲಿ ಸಿಲಿಂಡರಿಗೂ ವ್ಯತ್ಯಾಸವಿಲ್ಲ.

ಅಂಬು ಬ್ಯಾಗ್, ಆಮೇಲೆ ವೆಂಟಿಲೇಟರ್

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳು ಒಂದೇ ಸಮನೆ ಬರತೊಡಗಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ಕೈಯಿಂದ ಬ್ಯಾಗ್ ಒತ್ತಿ ರೋಗಿಗಳನ್ನು ಬದುಕಿಸಿದರು. ನಮ್ಮ ವಯಸ್ಸಿನವರೇ ಅವರೆಲ್ಲ. ಆ ಬ್ಯಾಗ್‌ಗಳು ಉಬ್ಬಲು ಗ್ಯಾಸ್ ಹರಿವು ಬೇಕಿತ್ತು. 1956ರಲ್ಲಿ ಡೆನ್ಮಾರ್ಕ್‌ನಲ್ಲೇ ಹೆನಿಂಗ್ ರುಬೆನ್ ಮತ್ತು ಹೋಲ್ಗರ್ ಹೆಸ್ಸೆ ತಾನಾಗಿ ಉಬ್ಬುವ ಬ್ಯಾಗ್ ತಂದರು. ಸಿಲಿಂಡರ್ ಖಾಲಿಯಾದರೂ, ಕರೆಂಟ್ ಹೋದರೂ ಇದು ಹೊರಗಿನ ಗಾಳಿ ಎಳೆದುಕೊಂಡು ಕೆಲಸ ಮಾಡುತ್ತದೆ. ನಿಮಿಷದ ಮಿತಿ ಇಲ್ಲದ ಏಕೈಕ ಉಪಕರಣ ಇದು. ಅದಕ್ಕೆ ಇದರ ಜಾಗ ಬೀರು ಅಲ್ಲ, ರೋಗಿಯ ತಲೆಯ ಪಕ್ಕ, ಮಾಸ್ಕ್ ಸಮೇತ.

ದೊಡ್ಡವರ ಬ್ಯಾಗ್ ಸುಮಾರು ಒಂದೂವರೆ ಲೀಟರ್. ಪೂರ್ತಿ ಹಿಂಡಿದರೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಗಾಳಿ ಹೋಗುತ್ತದೆ; ಎದೆ ಏಳುವುದು ಕಂಡರೆ ಸಾಕು. ಆರು ಸೆಕೆಂಡಿಗೆ ಒಂದು ಉಸಿರು. ಗಾಬರಿಯಲ್ಲಿ ಕೈ ತಾನಾಗಿ ವೇಗ ಹಿಡಿಯುತ್ತದೆ, ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಬೀಳುತ್ತದೆ.

ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್‌ಗಳಲ್ಲಿ ಎರಡು ಬಗೆ. ಗ್ಯಾಸ್ ಒತ್ತಡದಿಂದಲೇ ನಡೆಯುವ ಹಳೆಯ ಮಾದರಿಗೆ ಬ್ಯಾಟರಿಯ ಚಿಂತೆ ಕಡಿಮೆ, ಆದರೆ ಸಿಲಿಂಡರ್ ಮುಗಿದರೆ ಯಂತ್ರವೇ ನಿಲ್ಲುತ್ತದೆ. ಟರ್ಬೈನ್ ಮಾದರಿ ಹೊರಗಿನ ಗಾಳಿಯಿಂದಲೂ ಓಡುತ್ತದೆ, ಆದರೆ ಬ್ಯಾಟರಿ ಸತ್ತರೆ ಅದೂ ಸತ್ತಂತೆ. ಪುಸ್ತಿಕೆಯಲ್ಲಿ ಬರೆದಿರುವ ಬ್ಯಾಟರಿ ಅವಧಿ ಹೊಸ ಬ್ಯಾಟರಿಯದ್ದು. ನಿಮ್ಮ ಯಂತ್ರದ ಬ್ಯಾಟರಿ ಈಗ ಎಷ್ಟು ಹೊತ್ತು ಬರುತ್ತದೆ ಎಂದು ತಿಳಿಯಲು ಒಂದೇ ದಾರಿ: ರೋಗಿ ಇಲ್ಲದಾಗ ಶ್ವಾಸಕೋಶದ ಬದಲಿಗೆ ಇಡುವ ಟೆಸ್ಟ್ ಲಂಗ್‌ಗೆ ಜೋಡಿಸಿ ಪೂರ್ತಿ ಓಡಿಸಿ, ಸಮಯ ಬರೆದು ಯಂತ್ರದ ಮೇಲೆ ಅಂಟಿಸುವುದು. ವಾಹನ ಹತ್ತಿದ ತಕ್ಷಣ ವಾಹನದ ಸಾಕೆಟ್‌ಗೆ ಪ್ಲಗ್ ಹಾಕಿ, ಚಾರ್ಜ್ ಆಗುತ್ತಿರುವ ಗುರುತು ಪರದೆಯಲ್ಲಿ ಬಂದಿದೆಯೇ ಎಂದು ಕಣ್ಣಿಂದ ನೋಡಿ.

ಐಸಿಯು ವೆಂಟಿಲೇಟರಿನಿಂದ ಬಿಡಿಸಿ ಸ್ಟ್ರೆಚರ್ ಮೇಲೆ ಹಾಕಿ ಓಡುವುದು ಕೆಟ್ಟ ಅಭ್ಯಾಸ. ಹಾಸಿಗೆಯಲ್ಲಿರುವಾಗಲೇ ಟ್ರಾನ್ಸ್‌ಪೋರ್ಟ್ ವೆಂಟಿಲೇಟರಿಗೆ ಜೋಡಿಸಿ 10–15 ನಿಮಿಷ ಕಾದು ನೋಡಬೇಕು. ರೋಗಿಗೆ ಆ ಯಂತ್ರ ಒಗ್ಗುವುದಿಲ್ಲ ಎಂದಾದರೆ ಅದು ಅಲ್ಲೇ ತಿಳಿಯಲಿ, ಘಾಟಿಯ ತಿರುವಿನಲ್ಲಿ ಬೇಡ.

ಮಾನಿಟರ್ ಹೇಳುವುದು, ಮತ್ತು ತಡವಾಗಿ ಹೇಳುವುದು

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಮೇಲೆ ನಮಗೆಲ್ಲ ವಿಪರೀತ ನಂಬಿಕೆ. ಟ್ಯೂಬ್ ಜಾರಿದರೆ ಅಥವಾ ಸರ್ಕ್ಯೂಟ್ ಕಳಚಿದರೆ ಅದು ಕೂಡಲೇ ಹೇಳುವುದಿಲ್ಲ. ಶ್ವಾಸಕೋಶದಲ್ಲಿ ಉಳಿದ ಆಕ್ಸಿಜನ್ ಕರಗುವವರೆಗೆ 98 ಎಂದೇ ತೋರಿಸುತ್ತಿರಬಹುದು. ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಹಾಗಲ್ಲ, ಮುಂದಿನ ಉಸಿರಿನಲ್ಲೇ ಅದರ ಅಲೆ ಮಾಯವಾಗುತ್ತದೆ. ಟ್ಯೂಬ್ ಹಾಕಿದ ರೋಗಿಯನ್ನು ಸಾಗಿಸುವಾಗ ಒಂದೇ ಒಂದು ಮಾನಿಟರ್ ಆರಿಸಿಕೊಳ್ಳಿ ಎಂದರೆ ನಾನು ಕ್ಯಾಪ್ನೋಗ್ರಾಫ್ ಆರಿಸುತ್ತೇನೆ. ಸಹಜ ಮಟ್ಟ 35ರಿಂದ 45 ಎಂ.ಎಂ.ಎಚ್‌ಜಿ. ಅಲೆ ಇದ್ದಕ್ಕಿದ್ದಂತೆ ಮಟ್ಟಸವಾದರೆ ಮೊದಲು ರೋಗಿಯನ್ನು ನೋಡಿ, ಬ್ಯಾಗ್‌ಗೆ ಬದಲಿಸಿ, ಆಮೇಲೆ ಡೋಪ್ ಸೂತ್ರ: ಟ್ಯೂಬ್ ಸ್ಥಳ ಬಿಟ್ಟಿದೆಯೇ, ಕಟ್ಟಿಕೊಂಡಿದೆಯೇ, ನ್ಯುಮೋಥೊರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯಲ್ಲಿ ಗಾಳಿ ತುಂಬುವುದು) ಆಗಿದೆಯೇ, ಯಂತ್ರದ ದೋಷವೇ. ಬ್ಯಾಗ್‌ಗೆ ಬದಲಿಸಿದ ಕೂಡಲೇ ಎಲ್ಲ ಸರಿಯಾದರೆ ಕೊನೆಯದೇ ಕಾರಣ, ಅದಕ್ಕೇ ಬ್ಯಾಗ್ ಮೊದಲು.

ಘಾಟಿಯಲ್ಲಿ ಅಲುಗಾಟಕ್ಕೆ ತೋಳಿನ ಬಿಪಿ ಕಫ್ ತಪ್ಪು ತೋರಿಸುತ್ತದೆ ಅಥವಾ ಮತ್ತೆ ಮತ್ತೆ ಉಬ್ಬಿ ಸೋಲುತ್ತದೆ. ಆರ್ಟೀರಿಯಲ್ ಲೈನ್ (ಅಪಧಮನಿಯೊಳಗಿಂದಲೇ ಬಿಪಿ ಅಳೆಯುವ ನಳಿಕೆ) ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ನಾಡಿಯ ಮೇಲೆ ಬೆರಳಿಟ್ಟೇ ಕೂರಬೇಕು.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಮಂಗಳೂರು ಕಡಲ ತೀರ. ಇಳಿದಂತೆ ಹೊರಗಿನ ಗಾಳಿಯ ಒತ್ತಡ ಏರುತ್ತದೆ, ಟ್ಯೂಬ್ ಸುತ್ತ ಗಾಳಿ ತುಂಬಿ ಶ್ವಾಸನಾಳಕ್ಕೆ ಬಿಗಿಯಾಗಿಸುವ ಕಫ್‌ನೊಳಗಿನ ಗಾಳಿ ಕುಗ್ಗುತ್ತದೆ, ಕಫ್ ಪಕ್ಕದಿಂದ ಸೋರಿಕೆ ಶುರುವಾಗಬಹುದು. ಸಂಪಾಜೆಯಲ್ಲಿ ಒಮ್ಮೆ ಕಫ್ ಒತ್ತಡ ಅಳೆಯಿರಿ, 20ರಿಂದ 30 ಸೆಂ.ಮೀ. ನೀರಿನ ಒತ್ತಡದೊಳಗೆ ಇರಬೇಕು. ಹತ್ತುವ ದಾರಿಯಲ್ಲಿ ಇದು ತಿರುಗುಮುರುಗು: ಕಫ್ ಉಬ್ಬಿ ಶ್ವಾಸನಾಳದ ಗೋಡೆಯನ್ನು ಒತ್ತುತ್ತದೆ.

ಸಿರಿಂಜ್ ಪಂಪ್

ನಾರ್‌ಅಡ್ರಿನಲಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಎರಡು ನಿಮಿಷದಷ್ಟೇ ಸಾಕು. ಸಿರಿಂಜ್ ಮುಗಿದು ಹೊಸದನ್ನು ತಯಾರಿಸುವಷ್ಟರಲ್ಲಿ ಬಿಪಿ ಕುಸಿದಿರುತ್ತದೆ. ಡೋಸ್ ವೈದ್ಯರು ನಿರ್ಧರಿಸುತ್ತಾರೆ, ಆದರೆ ಎಷ್ಟು ಹೊತ್ತು ಬರುತ್ತದೆ ಎನ್ನುವ ಲೆಕ್ಕ ಜೊತೆಗೆ ಹೋಗುವ ಎಲ್ಲರಿಗೂ ಗೊತ್ತಿರಬೇಕು. 50 ಮಿ.ಲೀ.ನಲ್ಲಿ 4 ಮಿ.ಗ್ರಾಂ. ಬೆರೆಸಿದರೆ ಪ್ರತಿ ಮಿ.ಲೀ.ಗೆ 80 ಮೈಕ್ರೋಗ್ರಾಂ. ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಎಂದರೆ 60 ಕೆ.ಜಿ. ರೋಗಿಗೆ ಗಂಟೆಗೆ 360 ಮೈಕ್ರೋಗ್ರಾಂ, ಅಂದರೆ 4.5 ಮಿ.ಲೀ. ಈ ವೇಗದಲ್ಲಿ ಸಿರಿಂಜ್ 11 ಗಂಟೆ ಬರುತ್ತದೆ. ದಾರಿಯಲ್ಲಿ ಡೋಸ್ 0.3ಕ್ಕೆ ಏರಿತೋ, ಗಂಟೆಗೆ 13.5 ಮಿ.ಲೀ., ಇಡೀ ಸಿರಿಂಜ್ 222 ನಿಮಿಷ. ನಮ್ಮ ಪ್ರಯಾಣ 210. ಹನ್ನೆರಡು ನಿಮಿಷ ನಂಬಿ ಯಾರೂ ಹೊರಡಬಾರದು, ತುಂಬಿ ಲೇಬಲ್ ಹಚ್ಚಿದ ಎರಡನೇ ಸಿರಿಂಜ್ ಜೊತೆಗಿರಲೇಬೇಕು.

ಪಂಪನ್ನು ರೋಗಿಯ ಎದೆಯ ಮಟ್ಟದಲ್ಲಿ ಕಟ್ಟಿ. ಸ್ಟ್ರೆಚರ್ ಎತ್ತುವಾಗ ಪಂಪ್ ಥಟ್ಟನೆ ಮೇಲೆ ಹೋದರೆ ಒಂದಷ್ಟು ಔಷಧಿ ಹೆಚ್ಚಾಗಿ ನುಗ್ಗುತ್ತದೆ, ಕೆಳಗಿಳಿದರೆ ಸ್ವಲ್ಪ ಹೊತ್ತು ಹರಿವೇ ನಿಲ್ಲುತ್ತದೆ. ಕಾರಣ ಕಾಣದೆ ಬಿಪಿ ಏರಿಳಿದರೆ ಇದನ್ನೂ ಸಂಶಯಿಸಿ.

ಡಿಫಿಬ್ರಿಲೇಟರ್ ಮತ್ತು ಉಳಿದವು

ಆಸ್ಪತ್ರೆಯನ್ನೇ ರೋಗಿಯ ಬಳಿಗೆ ಒಯ್ಯುವ ಯೋಚನೆಗೆ ಬಲ ಬಂದದ್ದು ಬೆಲ್‌ಫಾಸ್ಟ್‌ನಲ್ಲಿ. ಫ್ರಾಂಕ್ ಪ್ಯಾಂಟ್ರಿಜ್ ಅಲ್ಲಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯಿಂದ 1966ರಲ್ಲಿ ಡಿಫಿಬ್ರಿಲೇಟರ್ ಇರುವ ಆಂಬುಲೆನ್ಸ್ ಓಡಿಸಿದರು. ಕಾರ್ ಬ್ಯಾಟರಿಗಳಿಂದ ನಡೆಯುತ್ತಿದ್ದ ಆ ಮೊದಲ ಯಂತ್ರದ ತೂಕ ಸುಮಾರು 70 ಕೆ.ಜಿ. 1968ರ ಹೊತ್ತಿಗೆ ಅದನ್ನು ಸುಮಾರು 3 ಕೆ.ಜಿ.ಗೆ ಇಳಿಸಿದರು. ಇವತ್ತಿನ ಬೈಫೇಸಿಕ್ ಯಂತ್ರಗಳಲ್ಲಿ ದೊಡ್ಡವರಿಗೆ ಮೊದಲ ಶಾಕ್ 120ರಿಂದ 200 ಜೂಲ್, ತಯಾರಕರು ಹೇಳಿದಂತೆ. ಎಇಡಿ (ತಾನೇ ಲಯ ನೋಡಿ ಶಾಕ್ ಬೇಕೇ ಎಂದು ಹೇಳುವ ಡಿಫಿಬ್ರಿಲೇಟರ್) ಲಯ ಪರೀಕ್ಷಿಸುವಾಗ ವಾಹನ ನಿಲ್ಲಿಸಿ, ಅಲುಗಾಟ ಅದನ್ನು ದಾರಿ ತಪ್ಪಿಸುತ್ತದೆ. ಶಾಕ್‌ಗೆ ಮೊದಲು ಮಾಸ್ಕ್ ಅಥವಾ ಬ್ಯಾಗ್‌ನ ಆಕ್ಸಿಜನ್ ಎದೆಯಿಂದ ದೂರ ಸರಿಸಿ, ಮುಚ್ಚಿದ ಗಾಡಿಯಲ್ಲಿ ಕಿಡಿ ಬೆಂಕಿಯಾಗಲು ಅಷ್ಟು ಆಕ್ಸಿಜನ್ ಸಾಕು.

ಓಡುವ ವಾಹನದಲ್ಲಿ ನಿಂತು ಎದೆ ಒತ್ತುವುದು ಒತ್ತುವವರಿಗೂ ಅಪಾಯ. ಲೂಕಾಸ್‌ನಂಥ ಯಂತ್ರ ನಿಮಿಷಕ್ಕೆ 102ರಂತೆ, 5.3 ಸೆಂ.ಮೀ. ಆಳಕ್ಕೆ ದಣಿಯದೆ ಒತ್ತುತ್ತದೆ. ಚೆನ್ನಾಗಿ ಕೈಯಿಂದ ಮಾಡಿದ ಸಿಪಿಆರ್‌ಗಿಂತ ಅದರಿಂದ ಹೆಚ್ಚು ಜನ ಬದುಕುತ್ತಾರೆ ಎಂದು ದೊಡ್ಡ ಅಧ್ಯಯನಗಳು ತೋರಿಸಿಲ್ಲ. ಸಾಗಣೆಯಲ್ಲಿ ಅದರ ಬೆಲೆ ಸುರಕ್ಷತೆಯದ್ದು.

ಸಕ್ಷನ್ ಬಗ್ಗೆ ಒಂದೇ ಮಾತು: ಪೈಪ್ ಮಡಚಿ ಹಿಡಿದಾಗ ಮುಳ್ಳು 300 ಎಂ.ಎಂ.ಎಚ್‌ಜಿ ದಾಟಬೇಕು, ದಾಟದಿದ್ದರೆ ಆ ಯಂತ್ರ ಗಾಡಿ ಹತ್ತಬಾರದು.

ನಮ್ಮ ದೇಶದ ಆಂಬುಲೆನ್ಸ್ ಮಾನದಂಡ ಎಐಎಸ್ 125 ವಾಹನಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತದೆ: ಮೊದಲು ತಲುಪುವವರದ್ದು, ರೋಗಿ ಸಾಗಣೆಯದ್ದು, ಬೇಸಿಕ್ ಲೈಫ್ ಸಪೋರ್ಟ್, ಅಡ್ವಾನ್ಸ್ಡ್ ಲೈಫ್ ಸಪೋರ್ಟ್. ಈ ಲೆಕ್ಕಗಳೆಲ್ಲ ಡಿ ವರ್ಗದವು. ಸಿಲಿಂಡರಿನ ಟೈಪ್ ಡಿಗೂ ಇದಕ್ಕೂ ಗೊಂದಲ ಬೇಡ.

ಎಲ್ಲವನ್ನೂ ಬಿಗಿದು ಕಟ್ಟುವುದು ಬಾಕಿ ಇದೆ. ಯುರೋಪಿನ ಇಎನ್ 1789 ಮಾನದಂಡ ಗಾಡಿಯೊಳಗಿನ ಉಪಕರಣ ಗುರುತ್ವದ ಹತ್ತು ಪಟ್ಟು ಬಲ ತಡೆಯಬೇಕು ಎನ್ನುತ್ತದೆ. 15 ಕೆ.ಜಿ. ಸಿಲಿಂಡರ್ ಆ ಕ್ಷಣ 150 ಕೆ.ಜಿ. ಆಗಿ ನುಗ್ಗುತ್ತದೆ. ರೋಗಿಯ ತಲೆ ಚಾಲಕನ ಕಡೆಗಿರುವುದರಿಂದ ಗಟ್ಟಿ ಬ್ರೇಕ್ ಹಾಕಿದಾಗ ರಕ್ತ ತಲೆಯತ್ತ ಸರಿಯುತ್ತದೆ, ತಲೆಗೆ ಪೆಟ್ಟಾದವರಿಗೆ ಇದು ಒಳ್ಳೆಯದಲ್ಲ. ನಿಧಾನವಾಗಿ, ಒಂದೇ ಸಮನೆ ಓಡಿಸುವ ಚಾಲಕರೂ ಚಿಕಿತ್ಸೆಯ ಭಾಗ.

ಮಂಗಳೂರಿನ ಆಸ್ಪತ್ರೆ ಅಂಗಳದಿಂದ ಐಸಿಯು ಹಾಸಿಗೆಯವರೆಗೆ ಲಿಫ್ಟ್, ಕಾರಿಡಾರ್ ಸೇರಿ ಮತ್ತೆ ಹತ್ತು ಹದಿನೈದು ನಿಮಿಷ. ಆ ನಡಿಗೆ ಗಾಡಿಯ ದೊಡ್ಡ ಸಿಲಿಂಡರ್ ಬಿಟ್ಟು ಬಿ ಟೈಪ್ ಮೇಲೆ, ವಾಹನದ ಸಾಕೆಟ್ ಬಿಟ್ಟು ಬ್ಯಾಟರಿ ಮೇಲೆ. ರೋಗಿಯನ್ನು ಒಪ್ಪಿಸಿ ಬಂದ ಮೇಲೆ ಡಿ ಟೈಪ್ ಗೇಜ್ ಓದಿ ಬರೆಯಿರಿ. ಎಫ್‌ಐಒ2 0.6ರಲ್ಲೇ ಬಂದಿದ್ದರೆ 1,140 ಲೀಟರ್ ಖರ್ಚಾಗಿರಬೇಕು, 46.7ರಿಂದ ಭಾಗಿಸಿದರೆ ಸುಮಾರು 24 ಬಾರ್. 150ರಿಂದ ಹೊರಟ ಗೇಜ್ 126ರ ಹತ್ತಿರ ಇರಬೇಕು. 100 ತೋರಿಸುತ್ತಿದ್ದರೆ ಲೆಕ್ಕದ ಎರಡರಷ್ಟು ಹೋಗಿದೆ: ಒಂದೋ ಎಲ್ಲೋ ಸೋರಿಕೆ ಇದೆ, ಇಲ್ಲವೇ ಆ ವೆಂಟಿಲೇಟರಿನ ಬಯಾಸ್ ಫ್ಲೋ ನಾವು ಹಿಡಿದದ್ದಕ್ಕಿಂತ ಹೆಚ್ಚು. ಯಾವುದೆಂದು ಮುಂದಿನ ರೋಗಿ ಹತ್ತುವ ಮೊದಲು ಹುಡುಕಬೇಕು.