ಫೋನಿಂದ ಕೀಬೋರ್ಡ್ ಹೋಗಿದ್ದು ಹೇಗೆ?

ಐಫೋನ್ ಬಂತು, ಕೀಬೋರ್ಡ್ ಹೋಯ್ತು ಅಂತ ಎಲ್ರೂ ಒಂದೇ ಮಾತಲ್ಲಿ ಮುಗಿಸ್ತಾರೆ. ಐಫೋನ್ ಬಂದಿದ್ದು 2007ರಲ್ಲಿ ಸರಿ, ಆದ್ರೆ ನಮ್ಮಲ್ಲಿ ಕೀಬೋರ್ಡ್ ಫೋನುಗಳಿಗೆ ಸುಗ್ಗಿ ಶುರುವಾಗಿದ್ದೇ ಅದಾದ್ಮೇಲೆ.

ಹಳೇ ಕತೆ ಚಿಕ್ಕದು. 1996ರಲ್ಲಿ ನೋಕಿಯಾ ಕಮ್ಯುನಿಕೇಟರ್, ಪೆನ್ಸಿಲ್ ಬಾಕ್ಸ್ ಥರ ತೆಗೆದ್ರೆ ಒಳಗೆ ಪೂರ್ತಿ ಕೀಬೋರ್ಡು. 1999ರಲ್ಲಿ ಕೆನಡಾದ ರಿಮ್ ಕಂಪನಿ ಬ್ಲ್ಯಾಕ್‌ಬೆರಿ ಹೆಸರಲ್ಲಿ ಈಮೇಲ್ ಪೇಜರ್ ಬಿಡ್ತು, ಆಫೀಸಿನೋರು ಎರಡು ಹೆಬ್ಬೆಟ್ಟಲ್ಲಿ ಮೇಲ್ ಬರೆಯೋದು ಕಲಿತ್ರು.

ಅಸಲಿ ಮಜಾ 2008ರಿಂದ. ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ನಲ್ಲಿ ಸ್ಕ್ರೀನ್ ಮೇಲೆ ಕೀಬೋರ್ಡೇ ಇರ್ಲಿಲ್ಲ, ಬರೀ ಓಕೆ ಅಂತ ಕಳಿಸೋಕೂ ಸ್ಕ್ರೀನ್ ಸರಿಸಿ ಕೆಳಗಿನ ಕೀಗಳನ್ನ ಹೊರಗೆ ತರಬೇಕಿತ್ತು, 2009ರ 1.5 ಅಪ್ಡೇಟ್ ಬಂದ್ಮೇಲೆ ಅದು ತಪ್ತು. ಇಲ್ಲಿ ನೋಕಿಯಾ ಇ71, ಇ63, 2010ರಲ್ಲಿ ಸಿ3, ಜೊತೆಗೆ ಮೈಕ್ರೋಮ್ಯಾಕ್ಸ್‌ನ ಕಮ್ಮಿ ರೇಟಿನ ಕ್ಯೂ ಸೀರೀಸು. ಬ್ಲ್ಯಾಕ್‌ಬೆರಿ ಇದ್ದೋರು ಒಬ್ರಿಗೊಬ್ರು ಮೆಸೇಜ್ ಕಳಿಸೋಕೆ ನಂಬರ್ ಬದ್ಲು ಪಿನ್, ಅಂದ್ರೆ ಆ ಫೋನಿನ ಗುರುತಿನ ಕೋಡ್, ಕೊಡೋರು. 2010ರಲ್ಲೇ ಕೇಂದ್ರ ಸರ್ಕಾರ ಆ ಮೆಸೇಜುಗಳನ್ನ ನೋಡೋಕೆ ದಾರಿ ಕೊಡಿ, ಇಲ್ಲಾಂದ್ರೆ ಬಂದ್ ಮಾಡಿಸ್ತೀವಿ ಅಂತ ಗಡುವು ಹಾಕಿತ್ತು, ಅಷ್ಟರ ಮಟ್ಟಿಗೆ ಹವಾ ಇತ್ತು.

ಆ ಬ್ಲ್ಯಾಕ್‌ಬೆರಿ ಕೀಗಳನ್ನ ಮುಟ್ಟಿದೋರಿಗೇ ಗೊತ್ತು. ಪ್ರತಿ ಕೀಗೂ ಸಣ್ಣ ಇಳಿಜಾರು, ಹೆಬ್ಬೆಟ್ಟಿಗೆ ಅಂಚು ಸಿಗೋ ಹಾಗೆ. ಸ್ಪೇಸ್ ಎರಡು ಸಲ ಒತ್ತಿದ್ರೆ ಫುಲ್‌ಸ್ಟಾಪ್, ಅಕ್ಷರ ಒತ್ತಿ ಹಿಡಿದ್ರೆ ಕ್ಯಾಪಿಟಲ್, ಮೇಲ್ ಪಟ್ಟಿಯಲ್ಲಿ ಟಿ ಒತ್ತಿದ್ರೆ ಮೇಲ್ತುದಿಗೆ, ಬಿ ಒತ್ತಿದ್ರೆ ತಳಕ್ಕೆ, ಆರ್ ಅಂದ್ರೆ ರಿಪ್ಲೈ. ಬಸ್ಸಲ್ಲಿ ನಿಂತ್ಕೊಂಡು ಕಣ್ಣು ಹಾಯಿಸದೇ ಹೊಡೀಬಹುದಿತ್ತು. ಈಗ ಗಾಜು ಉಜ್ಜಿ ಆಟೋಕರೆಕ್ಟ್ ಏನು ಕೊಡುತ್ತೋ ಅದನ್ನ ಕಳಿಸ್ತೀವಿ, ಇದನ್ನ ಪ್ರಗತಿ ಅನ್ನೋರು ಅನ್ನಲಿ.

ಬ್ಲ್ಯಾಕ್‌ಬೆರಿನೂ 2008ರಲ್ಲೇ ಟಚ್‌ಗೆ ಕೈ ಹಾಕಿತ್ತು. ಸ್ಟಾರ್ಮ್ ಅಂತ, ಇಡೀ ಗಾಜೇ ಒಂದು ಬಟನ್, ಪ್ರತಿ ಅಕ್ಷರಕ್ಕೂ ಕಟ್ ಅಂತ ಒತ್ತಬೇಕು. ಮಾರುಕಟ್ಟೇಲಿ ಅದು ಮಕಾಡೆ ಮಲಗ್ತು.

ಆದ್ರೂ ಟಚ್ ಗೆಲ್ಲೋಕೆ ಕಾರಣ ಇತ್ತು. ವಿಡಿಯೋ ನೋಡುವಾಗ ಕೀಬೋರ್ಡ್ ಸುಮ್ನೆ ಜಾಗ ತಿನ್ನುತ್ತೆ. ಫ್ರಾನ್ಸಿಗೊಂದು, ಜರ್ಮನಿಗೊಂದು ಅಂತ ಬೇರೆ ಬೇರೆ ಕೀ ಅಚ್ಚು ಹಾಕಿಸ್ಬೇಕು, ಟಚ್ ಆದ್ರೆ ಒಂದೇ ಫೋನು ಎಲ್ಲಾ ದೇಶಕ್ಕೂ ಆಗುತ್ತೆ. ಮೇಲಾಗಿ ಮುಂದೆ ಯಾವ ಅಕ್ಷರ ಬರಬಹುದು ಅಂತ ಊಹಿಸಿ ಅದನ್ನ ಒತ್ತೋ ಜಾಗವನ್ನ ನಮಗೆ ಕಾಣದ ಹಾಗೆ ದೊಡ್ಡದು ಮಾಡೋ ಸಾಫ್ಟ್‌ವೇರ್ ಬಂತು. ಇನ್ನೊಂದು ಮಾತು ಒಪ್ಪಲೇಬೇಕು, ನಾವು ಇಷ್ಟಪಟ್ಟು ತಗೊಂಡ ಆ ಕೀಗಳ ಮೇಲೆ ಇದ್ದಿದ್ದು ಬರೀ ಎಬಿಸಿಡಿ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ ತೋರಿಸೋಕೆ ಶುರು ಮಾಡಿದ್ಮೇಲೆ, ಒತ್ತಕ್ಷರ ಸಮೇತ ಕನ್ನಡ ಕೀಲಿಮಣೆ ಸಿಕ್ಕಿದ್ದು ಆ ಗಾಜಿನ ಮೇಲೇನೇ.

ಆಮೇಲಿಂದು ಬೇಗ ಮುಗಿಯುತ್ತೆ. ಕೀಬೋರ್ಡ್ ಇದ್ದ ಬ್ಲ್ಯಾಕ್‌ಬೆರಿ ಫೋನುಗಳು ಬಂದ್ವು, 2014ರ ಚೌಕಾಕಾರದ ಪಾಸ್‌ಪೋರ್ಟ್, 2015ರ ಆಂಡ್ರಾಯ್ಡ್ ಪ್ರಿವ್, 2016ರಲ್ಲಿ ಕಂಪನಿ ತಾನೇ ಫೋನ್ ತಯಾರಿಸೋದು ನಿಲ್ಲಿಸ್ತು. ಚೀನಾದ ಟಿಸಿಎಲ್ ಕಂಪನಿ ಆ ಹೆಸರಲ್ಲಿ 2020ರ ತನಕ ಎಳೀತು. 2022ರ ಜನವರಿ 4ಕ್ಕೆ ಹಳೇ ಬ್ಲ್ಯಾಕ್‌ಬೆರಿ ಓಎಸ್ ಫೋನುಗಳ ಸರ್ವೀಸೂ ನಿಂತ್ಹೋಯ್ತು. ಈಗ ಕೀಬೋರ್ಡ್ ಬೇಕಂದ್ರೆ ಯುನಿಹರ್ಟ್ಸ್ ಕಂಪನಿಯ ಟೈಟನ್ ಫೋನಿದೆ, ಇಲ್ಲಾಂದ್ರೆ 2024ರಲ್ಲಿ ಬಂದ ಕ್ಲಿಕ್ಸ್ ಕೇಸು, ಐಫೋನಿಗೆ ಹಾಕಿದ್ರೆ ಕೆಳಗಡೆ ಕೀಬೋರ್ಡ್ ಚಾಚ್ಕೊಂಡಿರುತ್ತೆ, ಶುರುವಲ್ಲಿ ರೇಟು 139 ಡಾಲರ್, ಪ್ಯಾಂಟ್ ಜೇಬು ಸ್ವಲ್ಪ ಉದ್ದ ಇರಬೇಕಷ್ಟೇ.