ರಾಕಿಸಂ ಅಂದರೇನು? ಒಂದೇ ಅಳತೆಗೋಲು ಹಿಡಿದು ಎಲ್ಲ ಸಂಗೀತವನ್ನೂ ಅಳೆಯುವ ಚಟ

"ಅವಳಿಗೆ ಹಾಡೋಕೇ ಬರಲ್ಲ ಕಣ್ರೀ, ಎಲ್ಲ ಕಂಪ್ಯೂಟರ್ ಮಾಡುತ್ತೆ." "ರಾಪ್ ಅಂದ್ರೆ ಬರೀ ಮಾತು, ಅದನ್ಯಾಕೆ ಸಂಗೀತ ಅಂತೀರಿ?" "ತನ್ನ ಹಾಡು ತಾನೇ ಬರೆಯಲ್ಲ, ಅವನೆಂಥ ಕಲಾವಿದ?" ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಕಾರಿನಲ್ಲಿ ಯಾರಾದರೂ ಹಾಡು ಬದಲಾಯಿಸಿದಾಗ ಈ ಜಗಳ ಇದ್ದದ್ದೇ. ಇಂಥ ಮಾತುಗಳ ಹಿಂದಿನ ಧೋರಣೆಗೆ ಇಂಗ್ಲಿಷಿನ ಸಂಗೀತ ವಿಮರ್ಶಕರು ಬಳಸುವ ಹೆಸರು ರಾಕಿಸಂ. ಆ ಧೋರಣೆ ಇರುವವರು ರಾಕಿಸ್ಟ್.

ರಾಕ್ ಸಂಗೀತ ಇಷ್ಟಪಟ್ಟರೆ ಅದು ರಾಕಿಸಂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ತಪ್ಪು ತಿಳಿಯುವವರೇ ಜಾಸ್ತಿ. ಒಳ್ಳೆಯ ರಾಕ್ ಬ್ಯಾಂಡಿನಲ್ಲಿ ಏನನ್ನು ಮೆಚ್ಚುತ್ತೇವೋ ಅದೇ ಎಲ್ಲ ಸಂಗೀತಕ್ಕೂ ಪ್ರತಿಭೆಯ ಅಳತೆ ಅಂತ ಹಿಡಿದು ಕೂರುವುದು ರಾಕಿಸಂ. ಹಾಡು ಸ್ವಂತದ್ದಾಗಿರಬೇಕು. ವಾದ್ಯ ತಾವೇ ನುಡಿಸಬೇಕು. ವೇದಿಕೆ ಮೇಲೆ ನೇರವಾಗಿ ಹಾಡಿ ಗೆಲ್ಲಬೇಕು. ಒಂಟಿ ಹಾಡಿಗಿಂತ ಇಡೀ ಆಲ್ಬಂ ದೊಡ್ಡದು. ಕುಣಿತ, ಬಟ್ಟೆ, ವಿಡಿಯೋ ಎಲ್ಲ ಆಮೇಲಿನ ಮಾತು. ಇವು ಯಾವುವೂ ಕೆಟ್ಟ ಮಾತುಗಳಲ್ಲ. ಒಂದು ಮನೆಯ ನಿಯಮವನ್ನು ಇಡೀ ಊರಿಗೆ ಹೇರಿದಾಗ ಮಾತ್ರ ತೊಂದರೆ.

ಈ ಪದ ಹುಟ್ಟಿದ್ದು ತಮಾಷೆಗೆ. 1976ರಲ್ಲಿ ಬ್ರಿಟನ್ನಿನಲ್ಲಿ ವರ್ಣಭೇದದ ವಿರುದ್ಧ 'ರಾಕ್ ಅಗೇನ್ಸ್ಟ್ ರೇಸಿಸಂ' ಅನ್ನುವ ಚಳವಳಿ ಶುರುವಾಗಿತ್ತು. 1981ರಲ್ಲಿ ಲಿವರ್‌ಪೂಲ್‌ನ ಹಾಡುಗಾರ ಪೀಟ್ ವೈಲಿ ಅದನ್ನೇ ತಿರುಗಿಸಿ 'ರೇಸ್ ಅಗೇನ್ಸ್ಟ್ ರಾಕಿಸಂ' ಅಂದ. ಬ್ರಿಟನ್ನಿನ ಸಂಗೀತ ಪತ್ರಿಕೆಗಳಿಗೆ ಆ ಚುಚ್ಚುಮಾತು ರುಚಿಸಿತು. ಆಗಷ್ಟೇ ಪಂಕ್ ಅನ್ನುವ ಒರಟು ರಾಕ್‌ನ ಅಲೆ ಇಳಿದು, ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಹಿಡಿದ ಹೊಸ ಹುಡುಗರು ಬಂದಿದ್ದರು. ಗಿಟಾರ್ ಇಲ್ಲದೆ ಬ್ಯಾಂಡ್ ಹೇಗಾಗುತ್ತೆ ಅಂತ ಮೂಗು ಮುರಿಯುತ್ತಿದ್ದವರನ್ನು ಕೆಣಕಲು ಒಂದು ಪದ ಬೇಕಾಗಿತ್ತು, ಸಿಕ್ಕಿತು.

ಪದ ಹುಟ್ಟುವ ಮೊದಲೇ ಆ ಧೋರಣೆ ಬೀದಿಗಿಳಿದಿತ್ತು. 1979ರ ಜುಲೈ 12ರಂದು ಶಿಕಾಗೋದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಒಂದು ವಿಚಿತ್ರ ಕಾರ್ಯಕ್ರಮ ನಡೆಯಿತು. ಡಿಸ್ಕೊ ರೆಕಾರ್ಡ್ ಒಂದನ್ನು ತಂದರೆ ಟಿಕೆಟ್ ಬರೀ 98 ಸೆಂಟ್. ಸ್ಟೀವ್ ಡಾಲ್ ಅನ್ನುವ ರಾಕ್ ರೇಡಿಯೋದ ಜಾಕಿ ಎರಡು ಪಂದ್ಯಗಳ ಮಧ್ಯೆ ಆ ರೆಕಾರ್ಡುಗಳ ರಾಶಿಯನ್ನು ಮೈದಾನದಲ್ಲೇ ಸಿಡಿಸಿದ. ಜನ ಒಳಗೆ ನುಗ್ಗಿದರು, ಹುಲ್ಲು ಕಿತ್ತುಹೋಯಿತು, ಎರಡನೇ ಪಂದ್ಯ ನಡೆಯಲೇ ಇಲ್ಲ. ಡಿಸ್ಕೊ ಬೋರು ಹೊಡೆಸಿತ್ತು, ಅಷ್ಟೇ ಅಂದವರಿದ್ದಾರೆ. ಇರಬಹುದು. ಆದರೆ ಡಿಸ್ಕೊ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಬೆಂಕಿ ಬಿದ್ದದ್ದು ಅವರ ಹಾಡಿಗೆ ಅನ್ನುವುದನ್ನು ಬದಿಗಿಟ್ಟು ಇದನ್ನು ಬರೀ ಅಭಿರುಚಿಯ ಜಗಳ ಅನ್ನುವುದು ಕಷ್ಟ.

ಇನ್ನೊಂದು ಘಟನೆ 2004ರದ್ದು. ಆಶ್ಲೀ ಸಿಂಪ್ಸನ್ ಅನ್ನುವ ಪಾಪ್ ಗಾಯಕಿ ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' ಕಾರ್ಯಕ್ರಮದಲ್ಲಿ ಎರಡನೇ ಹಾಡಿಗೆ ನಿಂತಳು. ಆಗಲೇ ಹಾಡಿ ಮುಗಿಸಿದ್ದ ಮೊದಲ ಹಾಡಿನ ಧ್ವನಿಮುದ್ರಣ ಶುರುವಾಯಿತು, ಮೈಕ್ ಬಾಯಿಯ ಹತ್ತಿರವೂ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಸುಮ್ನೆ ನಾಲ್ಕು ಹೆಜ್ಜೆ ಕುಣಿದು ವೇದಿಕೆಯಿಂದ ಹೊರಟುಹೋದಳು. ದೇಶವೆಲ್ಲ ನಕ್ಕಿತು. ವಾರದ ನಂತರ ವಿಮರ್ಶಕ ಕೆಲೆಫಾ ಸಾನ್ನೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರಾಕಿಸಂ ಬಗ್ಗೆ ಬರೆದ. ನಾವು ನಗುತ್ತಿರುವುದು ಯಾವ ಕಾನೂನಿನ ಪ್ರಕಾರ ಅಂತ ಅವನು ಕೇಳಿದ ಮೇಲೆ, ಬ್ರಿಟನ್ನಿನಲ್ಲಿ ಧೂಳು ಹಿಡಿದಿದ್ದ ಪದ ಅಮೆರಿಕದ ವಿಮರ್ಶಕರ ಬಾಯಲ್ಲೂ ಓಡಾಡತೊಡಗಿತು.

ನಮ್ಮ ಕಣ್ಣಿಗೆ ಈ ಪ್ರಸಂಗ ಸ್ವಲ್ಪ ವಿಚಿತ್ರವಾಗಿಯೇ ಕಾಣಬೇಕು, ಅಲ್ವಾ? ಮೊದಲೇ ಮುದ್ರಿಸಿಟ್ಟ ದನಿಗೆ ತುಟಿ ಆಡಿಸುವುದು ಅಲ್ಲಿ ಮಾನ ಹೋಗುವ ಕೆಲಸ. ನಮ್ಮ ಸಿನಿಮಾ ನಿಂತಿರುವುದೇ ಅದರ ಮೇಲೆ. ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ಹಾಡಿದರು, ರಾಜ್‌ಕುಮಾರ್ ತುಟಿ ಆಡಿಸಿದರು. ಯಾರಿಗೂ ಮೋಸ ಹೋದೆವು ಅನ್ನಿಸಲಿಲ್ಲ. ಆ ದನಿಗೂ ಆ ಮುಖಕ್ಕೂ ಎಷ್ಟು ಚೆನ್ನಾಗಿ ಕೂಡಿಬಂತು ಅಂತಲೇ ಮೆಚ್ಚಿದೆವು. 1974ರ 'ಸಂಪತ್ತಿಗೆ ಸವಾಲ್'ನ ಎಮ್ಮೆ ಹಾಡಿನಿಂದ ರಾಜ್‌ಕುಮಾರ್ ತಾವೇ ಹಾಡತೊಡಗಿದಾಗ ಅದನ್ನೂ ಮೆಚ್ಚಿದೆವು. ಒಂದು ಕಡೆ ಕಳ್ಳತನ ಅನ್ನಿಸಿಕೊಂಡದ್ದು ಇನ್ನೊಂದು ಕಡೆ ಕಸುಬು.

ತಮಾಷೆ ಏನೆಂದರೆ, ರಾಕಿಸ್ಟರ ದೇವರುಗಳೇ ಈ ನಿಯಮ ಪಾಲಿಸಿದವರಲ್ಲ. ಎಲ್ವಿಸ್ ಪ್ರೆಸ್ಲಿ ತನ್ನ ಹಾಡುಗಳನ್ನು ತಾನು ಬರೆಯುತ್ತಿರಲಿಲ್ಲ. 1965ರಲ್ಲಿ ದಿ ಬರ್ಡ್ಸ್ ಬ್ಯಾಂಡಿಗೆ ಹೆಸರು ತಂದ ಮೊದಲ ದೊಡ್ಡ ಹಾಡಿನಲ್ಲಿ ವಾದ್ಯ ನುಡಿಸಿದ ಸದಸ್ಯ ರೋಜರ್ ಮೆಗ್ವಿನ್ ಒಬ್ಬನೇ. ಉಳಿದದ್ದೆಲ್ಲ ಲಾಸ್ ಏಂಜಲೀಸ್‌ನ ಬಾಡಿಗೆ ವಾದ್ಯಗಾರರ ಕೈಚಳಕ. ಬೀಟಲ್ಸ್ 1966ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟು ಮಾಡಿದ ಕೊನೆಯ ಕಛೇರಿ ಮುಗಿಸಿ ಸ್ಟುಡಿಯೋ ಸೇರಿಕೊಂಡರು. ಟೇಪು ಕತ್ತರಿಸಿ, ಅಂಟಿಸಿ, ಹಿಂದುಮುಂದಾಗಿ ಓಡಿಸಿ ಮಾಡಿದ ಆ ಕಾಲದ ಹಾಡುಗಳನ್ನು ನಾಲ್ಕು ಜನ ವೇದಿಕೆ ಮೇಲೆ ನುಡಿಸಲು ಸಾಧ್ಯವೇ ಇರಲಿಲ್ಲ. ಅದನ್ನು ಯಾರೂ 'ಎಲ್ಲ ಯಂತ್ರದ ಕೆಲಸ' ಅನ್ನಲಿಲ್ಲ, ಜಾಣ್ಮೆ ಅಂದರು. ಅದು ಜಾಣ್ಮೆಯೇ. ಅದೇ ಕೆಲಸವನ್ನು ಇವತ್ತು ಲ್ಯಾಪ್‌ಟಾಪಿನಲ್ಲಿ ಮಾಡಿದ ಹುಡುಗಿಗೆ ಆ ಮಾತು ಸಿಗುವುದಿಲ್ಲ ಅಷ್ಟೇ.

'ಯಂತ್ರದ ಕೆಲಸ' ಅನ್ನುವ ಮಾತಿಗೆ ಅತಿ ಹೆಚ್ಚು ಬಲಿಯಾದದ್ದು ಹಿಪ್‌ಹಾಪ್, ಅಂದರೆ ರಾಪ್ ಹುಟ್ಟಿದ ಮನೆ. ಅದರ ಕೌಶಲ ಎಲ್ಲಿದೆ ಅಂತ ಕೇಳುವವರು ಒಮ್ಮೆ ಹತ್ತಿರ ಹೋಗಿ ನೋಡಬೇಕು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಜಮೈಕಾ ಮೂಲದ ಕೂಲ್ ಹರ್ಕ್ ಒಂದು ಪಾರ್ಟಿಗೆ ರೆಕಾರ್ಡು ಹಾಕಿದ. ಹಾಡಿನಲ್ಲಿ ಉಳಿದ ವಾದ್ಯಗಳು ನಿಂತು ಡ್ರಮ್ ಮಾತ್ರ ಕೇಳುವ ಕೆಲವು ಕ್ಷಣಗಳಿರುತ್ತವಲ್ಲ, ಅಲ್ಲಿ ಜನ ಜಾಸ್ತಿ ಕುಣಿಯುತ್ತಾರೆ ಅನ್ನುವುದನ್ನು ಅವನು ಕಂಡುಕೊಂಡಿದ್ದ. ಆ ತುಂಡನ್ನು ಎಳೆದು ಉದ್ದ ಮಾಡುವುದು ಹೇಗೆ? ಒಂದೇ ರೆಕಾರ್ಡಿನ ಎರಡು ಪ್ರತಿ, ರೆಕಾರ್ಡು ತಿರುಗಿಸುವ ಎರಡು ಟರ್ನ್‌ಟೇಬಲ್. ಒಂದರಲ್ಲಿ ಡ್ರಮ್ ಭಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರು. ಅದು ಓಡುವಾಗ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ ಇಡಬೇಕು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಇನ್ನೊಬ್ಬ ಡಿಜೆ ಬಂದ ಮೇಲೆ ಇದು ಕರಾರುವಾಕ್ಕಾಯಿತು. ರೆಕಾರ್ಡಿನ ಮೇಲೆ ಬಳಪದಿಂದ ಗುರುತು ಹಾಕಿ, ಎಷ್ಟು ಸುತ್ತು ಹಿಂದೆ ತಿರುಗಿಸಿದರೆ ತಾಳ ಸರಿಯಾಗಿ ಕೂರುತ್ತೆ ಅಂತ ಲೆಕ್ಕ ಇಟ್ಟ. ಕೈ ಒಂದು ಚೂರು ತಡವಾದರೂ ಕುಣಿಯುತ್ತಿರುವವರ ಕಾಲು ತಪ್ಪುತ್ತದೆ. ನಮ್ಮ ಮೃದಂಗದ ವಿದ್ವಾಂಸರು ಲಯ ಅನ್ನುವುದು ಇದನ್ನೇ. ಸ್ವರ ಎಲ್ಲಿ ಅಂತ ಹುಡುಕಿದರೆ ಇಲ್ಲಿ ಸಿಗಲಿಕ್ಕಿಲ್ಲ. ಲಯ ಎಲ್ಲಿ ಅಂತ ಕೇಳಿದರೆ ಎಲ್ಲ ಅದೇ.

ಈಗ ನಮ್ಮ ಮನೆಗೆ ಬರೋಣ. ಕರ್ನಾಟಕದಲ್ಲಿ ರಾಕಿಸಂ ಇಲ್ಲ, ರಾಕ್ ಅಷ್ಟು ಬೆಳೆದಿಲ್ಲ. ಆದರೆ ಅದರ ಖಾಸಾ ಅಣ್ಣ ಇದ್ದಾನೆ. "ಕ್ಲಾಸಿಕಲ್ ಕಲಿತಿದ್ದಾರಾ?" ಅನ್ನುವ ಪ್ರಶ್ನೆ. ಟಿವಿಯ ಹಾಡಿನ ಸ್ಪರ್ಧೆ ನೋಡಿ, ಯಾವ ಹಾಡು ಹಾಡಿದರೂ ಶ್ರುತಿ, ಸಂಗತಿ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಗಮಕದ (ಸ್ವರದ ಬಳುಕಿನ) ಲೆಕ್ಕದಲ್ಲೇ ಅಂಕ. ಹಳ್ಳಿಯಿಂದ ಬಂದ ಗೀಗೀ ಪದದ ಹುಡುಗನಿಗೆ "ದನಿ ಚೆನ್ನಾಗಿದೆ, ಸ್ವಲ್ಪ ಸಂಗೀತ ಕಲಿ" ಅನ್ನುವ ಬುದ್ಧಿಮಾತು ಬೇರೆ. ಅವನು ಅಷ್ಟೊತ್ತು ಹಾಡಿದ್ದು ಏನು ಹಾಗಾದರೆ?

ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಕೇಳಿದವರಿಗೆ ಗೊತ್ತಿರುತ್ತದೆ. ತಂಬೂರಿ, ಗಗ್ಗರ, ಡಮಡಿ ಹಿಡಿದು ರಾತ್ರಿಯಿಡೀ ಕಥೆ ನಡೆಸುತ್ತಾರೆ. ಕೈಯಲ್ಲಿ ಪುಸ್ತಕ ಇರಲ್ಲ. ಮುಖ್ಯ ಹಾಡುಗಾರ ಒಂದು ಸಾಲು ಎತ್ತಿದರೆ ಹಿಮ್ಮೇಳದವರು ಹಿಡಿಯುತ್ತಾರೆ, ನಡುವೆ ಮಾತು ಬರುತ್ತದೆ, ಕೇಳುವವರು ತೂಕಡಿಸಿದರೆ ನಗೆ ಬರುತ್ತದೆ, ಮತ್ತೆ ಹಾಡು. ಇಲ್ಲಿನ ಪ್ರತಿಭೆ ಅಂದರೆ ನೆನಪು, ದಮ್ಮು, ಎದುರಿಗೆ ಕೂತವರ ಮುಖ ಓದುವ ಜಾಣತನ. ಇದನ್ನು ತೋಡಿ ರಾಗದ ಗಾಂಧಾರ ಸರಿಯಾಗಿ ಬಿತ್ತಾ ಅಂತ ನೋಡಿ ತೂಗುವುದು, ಕಬಡ್ಡಿ ಆಟಗಾರನ ಕೈಗೆ ಬ್ಯಾಟು ಕೊಟ್ಟು ರನ್ ಎಷ್ಟು ಅಂತ ಕೇಳಿದ ಹಾಗೆ.

ಯಕ್ಷಗಾನದ ಭಾಗವತರಿಗೂ ಇದೇ ಕಾಟ. "ಅವರ ರಾಗ ಶುದ್ಧ ಇಲ್ಲ" ಅನ್ನುವ ಆಕ್ಷೇಪ ಹಳೆಯದು. ಭಾಗವತರು ಕಛೇರಿ ಮಾಡಲು ಕೂತವರಲ್ಲ. ವೇಷಧಾರಿಯ ಹೆಜ್ಜೆ ನೋಡಿ ಪದ ಎತ್ತಬೇಕು, ನಿಲ್ಲಿಸಬೇಕು, ಇಡೀ ಆಟವನ್ನು ನಡೆಸಬೇಕು. ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ಬಡಗುತಿಟ್ಟಿಗೆ ಹೊಸ ರಾಗ, ಹೊಸ ಧಾಟಿ ತಂದಾಗ ಜನ ಮುಗಿಬಿದ್ದು ಕೇಳಿದರು, ಸಂಪ್ರದಾಯ ಕೆಟ್ಟಿತು ಅಂದವರೂ ಇದ್ದರು. ರಾಗ ಸಾಲದು ಅಂತ ಒಬ್ಬರು, ರಾಗ ಜಾಸ್ತಿ ಆಯ್ತು ಅಂತ ಇನ್ನೊಬ್ಬರು.

ರಾಕಿಸಂಗೆ ಎದುರಾಗಿ ಹುಟ್ಟಿದ ಧೋರಣೆಗೆ ಪಾಪ್ಟಿಮಿಸಂ ಅಂತಾರೆ. ಪಾಪ್ ಹಾಡನ್ನೂ ಗಂಭೀರವಾಗಿ ಕೇಳಿ, ಅದರಲ್ಲೂ ಕಸುಬಿದೆ ಅನ್ನುವುದು ಅದರ ಮೂಲ ಮಾತು. ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷ್ ವಿಮರ್ಶೆ ಬಹುಪಾಲು ಈ ಕಡೆಗೇ ವಾಲಿದೆ. ಒಳ್ಳೆಯದೇ ಆಯಿತು, ಆದರೆ ಅದೂ ಕೆಟ್ಟಿತು. ಜನ ಕೇಳುತ್ತಾರೆ ಅಂದಮೇಲೆ ಒಳ್ಳೆಯದೇ ಇರಬೇಕು ಅನ್ನುವಲ್ಲಿಗೆ ಬಂದು ನಿಂತಿದೆ. ದೊಡ್ಡ ತಾರೆಯ ಆಲ್ಬಂ ಸಪ್ಪೆಯಾಗಿದೆ ಅಂದರೆ ಅಭಿಮಾನಿಗಳ ದಂಡು ಮೈಮೇಲೆ ಬೀಳುತ್ತದೆ. ಯಾರ ಬಾಯಿ ಮುಚ್ಚಿಸಬೇಕಾದರೂ "ನೀನು ರಾಕಿಸ್ಟ್" ಅಂದರೆ ಸಾಕು. ಬೈಗುಳವಾಗಿ ಬಳಸಿದ ದಿನವೇ ಆ ಪದ ಅರ್ಧ ಸತ್ತಿತು ಅನ್ನುವುದು ನನ್ನ ಅಭಿಪ್ರಾಯ.

ಯಾಕಂದ್ರೆ ಎಲ್ಲವೂ ಸಮ ಅನ್ನುವುದು ಈ ಪದದ ಅರ್ಥ ಅಲ್ಲವೇ ಅಲ್ಲ. ಹಿಂದೂಸ್ತಾನಿ ಖಯಾಲ್ ಗಾಯನದಲ್ಲಿ ಬೇಸುರ ಬೇಸುರವೇ. ರಾಪ್‌ನಲ್ಲಿ ತಾಳಕ್ಕೆ ಕೂರದ ಸಾಲು ಕೆಟ್ಟ ಸಾಲೇ. ಪಂಕ್‌ನಲ್ಲಿ ಒರಟು ದನಿ ಓಡುತ್ತದೆ, ಸುಳ್ಳು ಸಿಟ್ಟು ಓಡುವುದಿಲ್ಲ. ಪ್ರತಿ ಸಂಗೀತಕ್ಕೂ ಅದರದೇ ಕಟ್ಟುನಿಟ್ಟು ಇದೆ, ಅದನ್ನು ಆಡುವವರೇ ಕಟ್ಟಿಕೊಂಡದ್ದು. ಕೆಟ್ಟ ರಾಪರ್‌ಗೆ ಮೊದಲು ಛೀ ಅನ್ನುವವರು ರಾಪ್ ಕೇಳುಗರು. "ನನಗೆ ಇದು ಹಿಡಿಸಲ್ಲ" ಅನ್ನಲು ಎಲ್ಲರಿಗೂ ಹಕ್ಕಿದೆ. "ಇದರಲ್ಲಿ ಪ್ರತಿಭೆಯೇ ಇಲ್ಲ" ಅನ್ನಬೇಕಾದರೆ ಆ ಆಟದ ನಿಯಮವಾದರೂ ಗೊತ್ತಿರಬೇಕು. ಸಿನಿಮಾಕ್ಕೆ ಅಂತ ಮೈಕಿಗೆ ಹಾಡುವುದು ಕೂಡ ಬೇರೆಯದೇ ವಿದ್ಯೆ. ನಾಲ್ಕು ಸಾಲಿನ ಪಲ್ಲವಿಯಲ್ಲಿ, ಉಸಿರಿನ ಸದ್ದೂ ಕೇಳುವಷ್ಟು ಹತ್ತಿರದಲ್ಲಿ, ಪಾತ್ರದ ವಯಸ್ಸು, ಜಂಬ, ಅಳುಕು ಎಲ್ಲ ತರಬೇಕು. ಮೂರು ಗಂಟೆ ಕಛೇರಿ ಮಾಡಬಲ್ಲ ಎಷ್ಟೋ ವಿದ್ವಾಂಸರಿಗೆ ಇದು ಒಗ್ಗುವುದಿಲ್ಲ. ಅದರಿಂದ ಅವರ ವಿದ್ವತ್ತಿಗೆ ಕುಂದೇನೂ ಇಲ್ಲ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಶಾಸ್ತ್ರೀಯ ಸಂಗೀತವನ್ನು ಗುರುವಿನ ಹತ್ತಿರ ಕ್ರಮವಾಗಿ ಕಲಿತವರಲ್ಲ. ಅದನ್ನು ಅವರೇ ಹೇಳುತ್ತಿದ್ದರು. ಕನ್ನಡದಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 1995ರ ಸಾಲಿನಲ್ಲಿ, ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಕುರಿತ ಚಿತ್ರದ 'ಉಮಂಡು ಘುಮಂಡು' ಹಾಡಿಗೆ. ಅಪ್ಪಟ ಹಿಂದೂಸ್ತಾನಿ ಧಾಟಿ. "ನೋಡಿ, ಕಲಿಯದೆಯೂ ಹಾಡಿದರು" ಅಂತ ಇದನ್ನು ಉದಾಹರಿಸುತ್ತೇವೆ. ಆದರೆ ಸ್ವಲ್ಪ ಯೋಚಿಸಿ, ಈ ಹೊಗಳಿಕೆಯಲ್ಲೂ ಅಳತೆಗೋಲು ಶಾಸ್ತ್ರೀಯದ್ದೇ. ಕನ್ನಡದಲ್ಲಿ ಅವರು ಹಾಡಿದ ಅಷ್ಟೊಂದು ಪ್ರೇಮಗೀತೆ, ತುಂಟ ಹಾಡುಗಳಲ್ಲಿ ಯಾವುದೂ ಆ ಪ್ರಶಸ್ತಿಯ ಹೊಸ್ತಿಲು ದಾಟಲಿಲ್ಲ. ರಾಜ್‌ಕುಮಾರ್‌ಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದೂ 1992ರ 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ. ಅದೂ ರಾಗದ ಭಾರ ಹೊತ್ತ ಹಾಡು. ಎಮ್ಮೆ ಮೇಲೆ ಕೂತು ಹಾಡಿ ನಾಡನ್ನೇ ಕುಣಿಸಿದ ಹಾಡು ಆ ಲೆಕ್ಕಕ್ಕೆ ಬರಲಿಲ್ಲ.

ಅಮೆರಿಕದಲ್ಲೂ ಹೀಗೊಂದು ಆಯಿತು. 2018ರಲ್ಲಿ ರಾಪರ್ ಕೆಂಡ್ರಿಕ್ ಲಮಾರ್‌ಗೆ ಸಂಗೀತದ ಪುಲಿಟ್ಜರ್ ಅನ್ನುವ ದೊಡ್ಡ ಪ್ರಶಸ್ತಿ ಸಿಕ್ಕಿತು. ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಬೇರೆಯವರಿಗೆ ಅದು ಬಂದದ್ದು ಅದೇ ಮೊದಲು. ರಾಪ್‌ಗೆ ಕೊನೆಗೂ ಮರ್ಯಾದೆ ಸಿಕ್ಕಿತು ಅಂತ ಖುಷಿಪಡಬಹುದು. ಆದರೆ ಅಷ್ಟು ವರ್ಷ ಅದನ್ನು ಕೇಳಿ ತೂಗಿದ ಬ್ರಾಂಕ್ಸಿನ ಜನರ ತೀರ್ಪಿಗೆ ಬೆಲೆ ಇರಲಿಲ್ಲವಾ?

ಪ್ರಶಸ್ತಿ ರಾಗದ ಹಾಡಿಗೇ ಅನ್ನುವ ರೂಢಿಗೆ ನಮ್ಮಲ್ಲಿ ಒಂದು ಅಪವಾದ ಇದೆ. ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ. 1978ರ ಸಾಲಿನಲ್ಲಿ, 'ಕಾಡು ಕುದುರೆ' ಹಾಡಿಗೆ. ಚಂದ್ರಶೇಖರ ಕಂಬಾರರ ಪದ, ಜಾನಪದದ ಓಟ, ಎದೆಯಿಂದ ಎತ್ತಿ ಎಸೆದ ದನಿ. ಅಲ್ಲಿ ಸಂಗತಿಗಳನ್ನು ಎಣಿಸಲು ಹೊರಟರೆ ಕುದುರೆ ಆಗಲೇ ಮುಂದೆ ಹೋಗಿರುತ್ತದೆ.